ತನ್ನದಲ್ಲದ ಬೋರ್ಡ್ ಮೇಲೆ ಗೆದ್ದ ಮಿಕುರು

ಪ್ರಿಯ ಓದುಗರೇ,

ಜಪಾನಿನ ಡಾರ್ಟ್ಸ್ (ಗೋಡೆಯ ಬೋರ್ಡಿಗೆ ಸಣ್ಣ ಬಾಣ ಎಸೆಯುವ ಆಟ) ಆಟಗಾರ್ತಿ ಮಿಕುರು ಸುಜುಕಿ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. ಬಾರಿನಲ್ಲಿ ಕಾಲ ಕಳೆಯುವ ಆಟಕ್ಕೆ ಎರಡು ಪುಟ ಯಾಕೆ ಅಂತ ಕೇಳಿದ್ದೀರಿ. ಆಕೆ ಗಂಡಸರ ಎದುರು ಮೊದಲ ಸುತ್ತಿನಲ್ಲೇ ಸೋತಿದ್ದನ್ನು ಯಾಕೆ ಬರೆಯಲಿಲ್ಲ ಅಂತಲೂ ಕೇಳಿದ್ದೀರಿ. ಇಷ್ಟೆಲ್ಲ ಬೈದ ಮೇಲೆ, ಲೇಖನ ಓದಿದ ಮಗಳು ಬೋರ್ಡ್ ಬೇಕು ಅಂತ ಹಠ ಹಿಡಿದಿದ್ದಾಳೆ, ಯಾವುದು ತರಲಿ ಅಂತ ಕೊನೆಗೆ ಒಂದು ಸಾಲು. ಆ ಸಾಲು ಓದಿ ತುಂಬಾ ಖುಷಿಯಾಯಿತು.

ಬಾರಿನ ಆಟ ಅನ್ನುವುದು ನಿಜ. ಜಪಾನಿನಲ್ಲಂತೂ ಅದು ಬಾರುಗಳಲ್ಲೇ ಬೆಳೆದಿದ್ದು. ಆದರೆ ಅಲ್ಲಿ ಹೆಚ್ಚಾಗಿ ಆಡುವುದು ಸಾಫ್ಟ್ ಟಿಪ್. ಪ್ಲಾಸ್ಟಿಕ್ ಮೊನೆ, ತೂತು ತೂತಿನ ಎಲೆಕ್ಟ್ರಾನಿಕ್ ಬೋರ್ಡ್, ಅಂಕ ಲೆಕ್ಕ ಹಾಕುವುದು ಮಷೀನು. ವ್ಯತ್ಯಾಸ ಅಷ್ಟೇ ಅಲ್ಲ. ಅಲ್ಲಿ ಬೋರ್ಡಿನ ಮನೆಗಳು ಅಗಲ, ನಡುವಿನ ಬುಲ್ ದೊಡ್ಡದು, ಮಾಮೂಲಿ ಆಟದಲ್ಲಿ ಅದರ ಎಲ್ಲಿಗೆ ಚುಚ್ಚಿದರೂ 50. ಹಾಗಾಗಿ ಕೈ ಬುಲ್‌ಗೇ ಪಳಗುತ್ತದೆ. ಇಂಗ್ಲೆಂಡಿನ ಸ್ಟೀಲ್ ಟಿಪ್‌ನಲ್ಲಿ, ಅಂದರೆ ಉಕ್ಕಿನ ಮೊನೆಯ ಆಟದಲ್ಲಿ, ಗುರಿ ಇಡುವುದು ಟ್ರಿಪಲ್ 20ಕ್ಕೆ, ಅಂದರೆ 20ರ ಮೂರು ಪಟ್ಟು ಅಂಕ ಸಿಗುವ ಪಟ್ಟಿಗೆ. ಆ ಪಟ್ಟಿಯ ಅಗಲ ಸುಮಾರು 8 ಮಿಲಿಮೀಟರ್. 501 ಅಂಕದಿಂದ ಸೊನ್ನೆಗೆ ಇಳಿಯುತ್ತಾ ಬಂದು ಕೊನೆಯ ಡಾರ್ಟನ್ನು ಅಂಕ ದುಪ್ಪಟ್ಟಾಗುವ ಡಬಲ್‌ಗೇ ಚುಚ್ಚಬೇಕು, ಅದೂ ಅಷ್ಟೇ ಸಣ್ಣ ಪಟ್ಟಿ. ನಿಲ್ಲುವ ಗೆರೆ ಕೂಡ ಬೇರೆ: ಸಾಫ್ಟ್‌ಗೆ 2.44 ಮೀಟರ್, ಸ್ಟೀಲ್‌ಗೆ 2.37. ಬರೀ ಏಳು ಸೆಂಟಿಮೀಟರ್ ಅಲ್ವಾ ಅನ್ನಬಹುದು. ಆದರೆ ಸಾವಿರಾರು ಸಲ ಒಂದೇ ಜಾಗದಲ್ಲಿ ನಿಂತು ಎಸೆದ ತೋಳಿಗೆ ಏಳು ಸೆಂಟಿಮೀಟರ್ ಗೊತ್ತಾಗುತ್ತದೆ. ಟೆನಿಸ್ ಬಾಲಿನಲ್ಲಿ ಆಡಿ ಬೆಳೆದವರು ಮೊದಲ ಸಲ ಲೆದರ್ ಬಾಲ್ ಎದುರಿಸಿದ್ದನ್ನು ನೆನಪಿಸಿಕೊಳ್ಳಿ.

ಮಿಕುರು ಅವರದು ಕಗಾವಾ ಪ್ರಾಂತ್ಯದ ತಕಮತ್ಸು. ಅವರು ಹೆಸರು ಮಾಡಿದ್ದು ಸಾಫ್ಟ್ ಟಿಪ್‌ನಲ್ಲಿ. ಬೇಕಿದ್ದರೆ ಅಲ್ಲೇ ಆರಾಮಾಗಿ ಇರಬಹುದಿತ್ತು. ಇರಲಿಲ್ಲ. 2019ರ ಜನವರಿಯಲ್ಲಿ, 36ನೇ ವಯಸ್ಸಿನಲ್ಲಿ, ಇಂಗ್ಲೆಂಡಿನ ಲೇಕ್‌ಸೈಡ್‌ಗೆ ಬಿಡಿಒ (ಬ್ರಿಟಿಷ್ ಡಾರ್ಟ್ಸ್ ಸಂಘಟನೆ) ನಡೆಸುತ್ತಿದ್ದ ಮಹಿಳಾ ವಿಶ್ವ ಚಾಂಪಿಯನ್‌ಶಿಪ್ ಆಡಲು ಬಂದರು. ಮೊದಲ ಸುತ್ತಿನಲ್ಲೇ ಎದುರಾಗಿದ್ದು ಹಿಂದಿನ ವರ್ಷದ ಚಾಂಪಿಯನ್ ಲೀಸಾ ಆಶ್ಟನ್. ಅವರನ್ನು 2-0 ಸೆಟ್‌ಗಳಿಂದ ಸೋಲಿಸಿದರು. ಫೈನಲ್‌ನಲ್ಲಿ ಲೊರೇನ್ ವಿನ್‌ಸ್ಟಾನ್ಲಿ ವಿರುದ್ಧವೂ 2-0. ಅದುವರೆಗೆ ಆ ಕಪ್ ಏಷ್ಯಾದ ಯಾರ ಕೈಗೂ ಸಿಕ್ಕಿರಲಿಲ್ಲ. ಮಕ್ಕಳು ಕೈ ಆಡಿಸಿ ಹಾಡುವ ಶಾರ್ಕ್ ಮೀನಿನ ಹಾಡಿಗೆ ಇವರು ವೇದಿಕೆಗೆ ಬರುತ್ತಿದ್ದರೆ ಇಡೀ ಸಭಾಂಗಣ ಜೊತೆಗೆ ಹಾಡುತ್ತಿತ್ತು.

2020ರಲ್ಲಿ ಟೂರ್ನಿ ಲಂಡನ್ನಿಗೆ ಹೋಯಿತು. ಸಂಘಟನೆಯ ಹತ್ತಿರ ದುಡ್ಡಿರಲಿಲ್ಲ, ಬಹುಮಾನದ ಮೊತ್ತವನ್ನೇ ಇಳಿಸಿದ್ದರು. ಆದರೂ ಬಂದು ಆಡಿ, ಫೈನಲ್‌ನಲ್ಲಿ ಮತ್ತೆ ಆಶ್ಟನ್ ಅವರನ್ನು 3-0ರಿಂದ ಸೋಲಿಸಿ ಕಪ್ ಉಳಿಸಿಕೊಂಡರು. ಅದೇ ವರ್ಷ ಬಿಡಿಒ ಮುಚ್ಚಿತು. 2001ರಿಂದ 2020ರವರೆಗೆ ಅದು ಮಹಿಳೆಯರಿಗೆ ನಡೆಸಿದ 20 ವಿಶ್ವ ಚಾಂಪಿಯನ್‌ಶಿಪ್‌ಗಳನ್ನು ಗೆದ್ದವರು ಬರೀ ಐದು ಜನ. ಟ್ರೀನಾ ಗಲಿವರ್ ಒಬ್ಬರೇ ಹತ್ತು, ಆಶ್ಟನ್ ನಾಲ್ಕು, ರಷ್ಯಾದ ಅನಸ್ತಾಸಿಯಾ ದೊಬ್ರೊಮಿಸ್ಲೊವಾ ಮೂರು, ನೆದರ್ಲೆಂಡ್ಸ್‌ನ ಫ್ರಾನ್ಸಿಸ್ ಹೂನ್ಸೆಲಾರ್ ಒಂದು. ಉಳಿದ ಎರಡು, ಕೊನೆಯ ಎರಡು, ಮಿಕುರು ಅವರದು. ಈ ಪಟ್ಟಿಗೆ ಸೇರುವುದು ಎಷ್ಟು ಕಷ್ಟ ಅಂತ ಆ ಲೇಖನದಲ್ಲಿ ನಾವು ಹೇಳಲೇ ಇಲ್ಲ, ಅದು ನಮ್ಮ ತಪ್ಪು.

ಇನ್ನು ನೀವು ಹೇಳಿದ ಸೋಲು. ಅದನ್ನು ಬಿಟ್ಟಿದ್ದೂ ತಪ್ಪೇ, ಒಪ್ಪುತ್ತೇನೆ, ಯಾಕೆಂದರೆ ಅದು ಮುಚ್ಚಿಡುವ ಸೋಲಲ್ಲ. 2019ರ ಡಿಸೆಂಬರ್, ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೆಸ್, ಗಂಡಸರೂ ಹೆಂಗಸರೂ ಒಟ್ಟಿಗೆ ಆಡುವ ಪಿಡಿಸಿ (ವೃತ್ತಿಪರ ಡಾರ್ಟ್ಸ್ ಸಂಸ್ಥೆ) ವಿಶ್ವ ಚಾಂಪಿಯನ್‌ಶಿಪ್. ಎದುರಾಳಿ ಇಂಗ್ಲೆಂಡಿನ ಜೇಮ್ಸ್ ರಿಚರ್ಡ್‌ಸನ್. ಪಂದ್ಯ ಕೊನೆಯ ಸೆಟ್‌ವರೆಗೂ ಹೋಗಿ 3-2ರಲ್ಲಿ ಕೈ ತಪ್ಪಿತು. ಅಲ್ಲಿಯವರೆಗೆ ಆ ಟೂರ್ನಿಯಲ್ಲಿ ಯಾವ ಹೆಣ್ಣುಮಗಳೂ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಇನ್ನೊಂದು ಸೆಟ್ ಸಿಕ್ಕಿದ್ದರೆ ಆ ದಾಖಲೆ ಮಿಕುರು ಹೆಸರಿನಲ್ಲಿ ಇರುತ್ತಿತ್ತು. ಎರಡೇ ದಿನದ ನಂತರ ಇಂಗ್ಲೆಂಡಿನ ಆಟಗಾರ್ತಿ ಫಾಲನ್ ಶೆರಾಕ್ ಅದೇ ವೇದಿಕೆಯಲ್ಲಿ ಟೆಡ್ ಎವೆಟ್ಸ್ ಅವರನ್ನು 3-2ರಿಂದ ಸೋಲಿಸಿದರು, ಆಮೇಲೆ ಮೆನ್ಸೂರ್ ಸುಲ್ಯೊವಿಚ್ ಅವರನ್ನೂ. ಜಗತ್ತು ಶೆರಾಕ್ ಹೆಸರು ಹಿಡಿದುಕೊಂಡಿತು, ಅದು ನ್ಯಾಯವೇ. ಆದರೆ ಈ ಎರಡು ರಾತ್ರಿಗಳ ನಡುವೆ ಇರುವುದು ಒಂದೇ ಸೆಟ್. ಅಷ್ಟಕ್ಕೆ ಒಬ್ಬರನ್ನು ಪುಸ್ತಕದಲ್ಲಿ ಬರೆದು ಇನ್ನೊಬ್ಬರನ್ನು ಸೋತವರು ಅಂತ ಸುಮ್ನೆ ತಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಅವರು ಅಲ್ಲಿಗೆ ನಿಲ್ಲಿಸಲೂ ಇಲ್ಲ. 2023ರಲ್ಲಿ ಬ್ಲ್ಯಾಕ್‌ಪೂಲ್‌ನ ಮಹಿಳಾ ವಿಶ್ವ ಮ್ಯಾಚ್‌ಪ್ಲೇಯಲ್ಲಿ ಫೈನಲ್ ತಲುಪಿದರು. ಆಗ ಅವರಿಗೆ 41, ಎದುರು ನಿಂತ ಬೋ ಗ್ರೀವ್ಸ್‌ಗೆ 19. ಸೋತಿದ್ದು 6-1ರಿಂದ. ಆ ಡಿಸೆಂಬರ್‌ನಲ್ಲಿ ಮತ್ತೆ ಅಲೆಕ್ಸಾಂಡ್ರಾ ಪ್ಯಾಲೆಸ್, ಈ ಸಲ ಜರ್ಮನಿಯ ರಿಕಾರ್ಡೊ ಪೀಟ್ರೆಚ್ಕೊ ಕೈಯಲ್ಲಿ 3-0. ಇದು ಹೋರಾಡಿ ಸೋತ ಪಂದ್ಯ ಅಂತ ಹೇಳಲಾರೆ. ಆದರೆ ನಾಲ್ಕು ವರ್ಷದ ನಂತರ, ನಲವತ್ತು ದಾಟಿ, ಸಮುದ್ರ ದಾಟಿ ಮತ್ತೆ ಅದೇ ವೇದಿಕೆ ಹತ್ತಿದ್ದರಲ್ಲ, ನನಗೆ ಅದೇ ಜಾಸ್ತಿ.

ಮಗಳಿಗೆ ಬೋರ್ಡ್ ಖಂಡಿತ ಹಾಕಿಸಿ. ಚಿಕ್ಕವಳಾದರೆ ಮೊದಲು ಪ್ಲಾಸ್ಟಿಕ್ ಮೊನೆಯದೇ ಸಾಕು, ಮಿಕುರು ಬಂದ ದಾರಿಯೂ ಅದೇ. ಬುಲ್ ನೆಲದಿಂದ 1.73 ಮೀಟರ್ ಎತ್ತರಕ್ಕೆ ಬರಬೇಕು. ಗೆರೆಯ ಅಳತೆ ಮೇಲೆ ಹೇಳಿದ್ದೇನೆ. ಹಿಂದಿನ ಗೋಡೆಗೆ ಒಂದು ದಪ್ಪ ಹಲಗೆ ಹೊಡೆಸಿ, ಇಲ್ಲದಿದ್ದರೆ ಒಂದೇ ವಾರದಲ್ಲಿ ಗಾರೆ ಉದುರುತ್ತದೆ. ಪಕ್ಕದಲ್ಲಿ ಬಾಗಿಲಿದ್ದರೆ ಬೇರೆ ಗೋಡೆ ನೋಡಿ.

ಸಂಪಾದಕ