14×17 ಎಕ್ಸ್‌ರೇ ಫಿಲ್ಮ್: ಆಕಾಶದ ಪಟ್ಟೆ, ಗೀರು, ಎದ್ದ ಪದರ

ಸರ್, ನೀವು ಹಾಕಿದ ಉಣಕಲ್ ಕೆರೆಯ ನೆಗೆಟಿವ್ ನೋಡಿದೆ. ದೊಡ್ಡ ಕ್ಯಾಮೆರಾದಲ್ಲಿ ಹಾಕಿ ತೆಗೆದ 14×17 ಇಂಚಿನ, ಹಸಿರು ಬೆಳಕು ಗ್ರಹಿಸುವ ಎಕ್ಸ್‌ರೇ ಫಿಲ್ಮ್, ಬಚ್ಚಲಮನೆಯಲ್ಲಿ ಟ್ರೇ ಇಟ್ಟು ತೊಳೆದದ್ದು. ಆಕಾಶದಲ್ಲಿ ಅಲೆಯಂಥ ಪಟ್ಟೆ, ಹಿಂದೆ ಗೀರು, ಒಂದು ಮೂಲೆಯಲ್ಲಿ ಪದರವೇ ಎದ್ದಿದೆ. ಫಿಲ್ಮ್ ಒಳಗಿಟ್ಟು ತಿರುಗಿಸುವ ಡ್ರಮ್ ತಗೊಂಡ್ರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಈಗಲೇ ದುಡ್ಡು ಸುರಿಯಬೇಡಿ. ಈ ಫಿಲ್ಮಿಗೆ ಎರಡೂ ಕಡೆ ಎಮಲ್ಷನ್, ಅಂದರೆ ಬೆಳಕು ಗ್ರಹಿಸುವ ಪದರ, ಇರುತ್ತದೆ. ಡ್ರಮ್ಮಿನ ಗೋಡೆಗೆ ಅಂಟಿದ ಬದಿಗೆ ಡೆವಲಪರ್ (ಚಿತ್ರ ಮೂಡಿಸುವ ದ್ರವ) ಸರಿಯಾಗಿ ತಲುಪುವುದೇ ಕಷ್ಟ. ಟ್ರೇನಲ್ಲೇ ಚೆನ್ನಾಗಿ ಬರುತ್ತದೆ, ಒಂದು ಸಲಕ್ಕೆ ಒಂದೇ ಹಾಳೆ.

ಪಟ್ಟೆಗೆ ಕಾರಣ ಮೊದಲ 10 ಸೆಕೆಂಡ್. ಇಷ್ಟು ದೊಡ್ಡ ಹಾಳೆಯನ್ನು ಡೆವಲಪರ್‌ಗೆ ಸುಮ್ನೆ ಇಳಿಸಿದರೆ ಒಂದು ಕಡೆ ಮೊದಲು ನೆನೆಯುತ್ತದೆ, ಇನ್ನೊಂದು ಕಡೆ ಒಣಗಿಯೇ ಇರುತ್ತದೆ. ಗಿಡ ಮರ ಇದ್ದ ಜಾಗದಲ್ಲಿ ಗೊತ್ತಾಗಲ್ಲ. ಖಾಲಿ ಆಕಾಶ ಮಾತ್ರ ಎಲ್ಲವನ್ನೂ ಹೇಳಿಬಿಡುತ್ತದೆ. ಹಾಗಾಗಿ ಮೊದಲು 2 ನಿಮಿಷ ಬರೀ ನೀರಲ್ಲಿ ನೆನೆಸಿ. ಆಮೇಲೆ ಡೆವಲಪರ್ ಟ್ರೇಯ ನಿಮ್ಮ ಕಡೆಯ ಅಂಚನ್ನು ಎತ್ತಿ ಹಿಡಿಯಿರಿ, ದ್ರವವೆಲ್ಲ ಆಚೆ ಬದಿಗೆ ಸೇರಲಿ. ಹಾಳೆಯನ್ನು ಈ ಖಾಲಿ ಬದಿಯಲ್ಲಿ ಮಲಗಿಸಿ, ಎತ್ತಿದ ಅಂಚನ್ನು ಒಂದೇ ಉಸಿರಿಗೆ ಕೆಳಗಿಳಿಸಿ. ಅಲೆ ಇಡೀ ಹಾಳೆಯ ಮೇಲೆ ಒಮ್ಮೆಲೇ ಹಾಯಬೇಕು. ಹಳೇ ಫಿಲ್ಮಿನ ಮೇಲೆ, ಲೈಟ್ ಹಚ್ಚಿಕೊಂಡು, ಬರೀ ನೀರಲ್ಲಿ ಇದನ್ನು ಹತ್ತು ಸಲ ಮಾಡಿ ನೋಡಿ. ನಂತರ ನಾಲ್ಕೂ ಬದಿಯನ್ನು ಒಂದೊಂದಾಗಿ ಎತ್ತಿ ಇಳಿಸುತ್ತಾ ಹೋಗಿ. ಒಂದೇ ಕಡೆಯಿಂದ ತೂಗಿದರೆ ಮತ್ತೆ ಪಟ್ಟೆ.

ಗೀರು ಟ್ರೇಯ ತಳದ ಏಣಿನದು. ಫೋಟೋ ಫ್ರೇಮ್ ಅಂಗಡಿಯಲ್ಲಿ ಟ್ರೇ ಅಳತೆಗೆ ಗಾಜು ಕತ್ತರಿಸಿಕೊಡುತ್ತಾರೆ, ಅಂಚು ಉಜ್ಜಿಸಿ ತನ್ನಿ. ಗಾಜಿಗೆ ಹಾಳೆ ಅಂಟಿಕೊಳ್ಳುತ್ತದೆ, ಅದಕ್ಕೇ ಅರ್ಧ ನಿಮಿಷಕ್ಕೊಮ್ಮೆ ಪೂರ್ತಿ ಎತ್ತಿ ಬಿಡಬೇಕು, ನಡುವೆ ಒಂದೆರಡು ಸಲ ತಿರುವಿ ಹಾಕಬೇಕು. ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಉಗುರಿನ ಗೀರೂ ತಪ್ಪುತ್ತದೆ, ಡೆವಲಪರ್‌ನಲ್ಲಿರುವ ಮೆಟಾಲ್‌ನಿಂದ ಚರ್ಮಕ್ಕೆ ತುರಿಕೆಯೂ ಬರಲ್ಲ.

ಇನ್ನು ಎದ್ದ ಪದರ. ಇದನ್ನು ನಾನು ಗದಗಿನಲ್ಲಿ ಅಕ್ಕನ ಮನೆಯಲ್ಲಿ ಕಲಿತೆ. ಮೇ ತಿಂಗಳು. ತ್ರಿಕೂಟೇಶ್ವರ ಗುಡಿಯ ಕಂಬಗಳ ಫೋಟೋ ತೆಗೆದುಕೊಂಡು ಬಂದಿದ್ದೆ. ಪುಸ್ತಕದಲ್ಲಿ 20 ಡಿಗ್ರಿ ಅಂತ ಇದೆಯಲ್ಲ, ಐಸ್ ತಂದು ಡೆವಲಪರ್ ತಣ್ಣಗೆ ಮಾಡಿದೆ. ಕೊನೆಗೆ ತೊಳೆಯಲು ಮಾಳಿಗೆ ಮೇಲಿನ ಟ್ಯಾಂಕಿನ ನೀರು ಬಿಟ್ಟೆ. ಅದು ಕಾದು ಕೂತಿತ್ತು. ನೋಡನೋಡುತ್ತಲೇ ಕಂಬದ ಕೆತ್ತನೆಯೆಲ್ಲ ಹಾಲಿನ ಕೆನೆಯ ಹಾಗೆ ಸುಕ್ಕಾಗಿ ಮೂಲೆಗೆ ಸರಿಯಿತು. ಎಮಲ್ಷನ್ ಅಂದರೆ ಜೆಲಟಿನ್ ತಾನೇ, ಅದು ಇಷ್ಟು ದೊಡ್ಡ ಏರಿಳಿತ ತಾಳುವುದಿಲ್ಲ.

ಹಾಗಾಗಿ ನಮ್ಮ ಕಡೆ 20ರ ಹಿಂದೆ ಓಡಬೇಡಿ. ನಳ ಬಂದ ದಿನ ನಾಲ್ಕೈದು ಬಕೆಟ್ ತುಂಬಿ, ರಾತ್ರಿಯೆಲ್ಲ ಕಲ್ಲು ಹಾಸಿದ ಕೋಣೆಯಲ್ಲಿಡಿ. ಬೆಳಗಿನ ಜಾವ ಥರ್ಮಾಮೀಟರ್ ಅದ್ದಿ. ಧಾರವಾಡದ ನಮ್ಮ ಮನೆಯಲ್ಲಿ ಬೇಸಿಗೆಯಲ್ಲೂ 26ರ ಆಸುಪಾಸು ಸಿಗುತ್ತದೆ. ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್, ಚಿತ್ರ ಖಾಯಂ ಮಾಡುವ ಹೈಪೊ (ಫಿಕ್ಸರ್), ತೊಳೆಯುವ ನೀರು ಎಲ್ಲವೂ ಆ ಬಕೆಟ್ಟಿನ ಉಷ್ಣತೆಗೇ ಇರಲಿ. ಒಂದು ಡಿಗ್ರಿಗೆ ಸುಮಾರು ನೂರಕ್ಕೆ 8ರಂತೆ ಸಮಯ ಇಳಿಸಿ: 20ಕ್ಕೆ 8 ನಿಮಿಷ ಬೇಕಾದದ್ದು 26ಕ್ಕೆ ಹತ್ತಿರ ಹತ್ತಿರ 5 ನಿಮಿಷ. 5ಕ್ಕಿಂತ ಕಡಿಮೆಯಾದರೆ ಕೈ ಸಾಲಲ್ಲ, ಮತ್ತೆ ಪಟ್ಟೆ ಬರುತ್ತದೆ. ಆಗ ಡೆವಲಪರ್ ಇನ್ನಷ್ಟು ತೆಳ್ಳಗೆ ಮಾಡಿ. ಫಿಕ್ಸರ್ ಗಟ್ಟಿ ಮಾಡುವಂಥದ್ದೇ ಇರಲಿ, ಅಂದರೆ ಪಟಿಕ ಸೇರಿದ್ದು.

ನಾನು ಬಳಸುವ ಡೆವಲಪರ್ ಡಿ-23, ಮನೆಯಲ್ಲೇ ಕಲಸಬಹುದು. 1 ಲೀಟರಿಗೆ ಮೆಟಾಲ್ 7.5 ಗ್ರಾಂ, ನೀರಿನಂಶ ಇಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ. ಬಿಸಿನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಅದು ಕರಗಿದ ಮೇಲೆ ಉಳಿದ ಸಲ್ಫೈಟ್. ಪೂರ್ತಿ ಸಲ್ಫೈಟ್ ಮೊದಲೇ ಹಾಕಿದರೆ ಮೆಟಾಲ್ ಕರಗಲು ಹಟ ಮಾಡುತ್ತದೆ. ಇದರ 1 ಪಾಲಿಗೆ 3 ಪಾಲು ನೀರು. ಜಿಪುಣತನ ಮಾತ್ರ ಬೇಡ. ನೀವು ಬಳಸಿದ 1 ಲೀಟರ್ ಸಾಲದು. 8×10 ಹಾಳೆ ಅಂದರೆ 80 ಚದರ ಇಂಚು, 36 ಫೋಟೋದ ಒಂದು ರೋಲಿನಷ್ಟು. ನಿಮ್ಮದು 238, ಮೂರು ರೋಲ್ ಆಯ್ತು, ಅದೂ ಎರಡು ಬದಿ. ಒಂದು ಹಾಳೆಗೆ ತೆಳ್ಳಗೆ ಮಾಡಿದ್ದು 3 ಲೀಟರ್ ಹಾಕಿ, ಮುಗಿದ ಮೇಲೆ ಚೆಲ್ಲಿ. ಹೈಪೊ ಚೆಲ್ಲಬೇಡಿ, ಅದರಲ್ಲಿ ಬೆಳ್ಳಿ ಇರುತ್ತದೆ, ಗಿಡಕ್ಕಂತೂ ಹಾಕಲೇಬೇಡಿ.

ದೀಪ ಕಡುಗೆಂಪೇ ಬೇಕು, ಹಳದಿ ಛಾಯೆಯದು ಆಗಲ್ಲ. ಫಿಲ್ಮಿನ ತುಂಡಿನ ಮೇಲೆ ನಾಣ್ಯ ಇಟ್ಟು 10 ನಿಮಿಷ ಆ ದೀಪದಡಿ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಮೂಡಿದರೆ ದೀಪ ದೂರ ಇಡಿ, ಇಲ್ಲಾ ಬದಲಿಸಿ.

ಹೈಪೊ ಆದ ಮೇಲೆ ತೊಳೆಯಲು ಹರಿಯುವ ನೀರು ಇಲ್ಲದಿದ್ದರೂ ನಡೆಯುತ್ತದೆ. ಲೀಟರಿಗೆ 20 ಗ್ರಾಂ ಸಲ್ಫೈಟ್ ಹಾಕಿದ ನೀರಲ್ಲಿ 2 ನಿಮಿಷ, ಆಮೇಲೆ 5 ನಿಮಿಷಕ್ಕೊಮ್ಮೆ ಆರು ಸಲ ನೀರು ಬದಲಿಸಿ. ಕೊನೆಯ ನೀರು ಬೋರಿನದು ಬೇಡ, ಬಿಳಿ ಕಲೆ ಉಳಿಯುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಒಣಗಿಸುವುದೂ ಬಚ್ಚಲಲ್ಲೇ, ಬಾಗಿಲು ಹಾಕಿ. ಮಳೆಗೆ ಮುಂಚಿನ ಗಾಳಿಗೆ ನಮ್ಮ ಕೆಮ್ಮಣ್ಣು ಕಿಟಕಿ ಸಂದಿಯಿಂದಲೂ ಬರುತ್ತದೆ.

ನೇತುಹಾಕಲು ಕ್ಲಿಪ್ ಹುಡುಕಬೇಡಿ. ಆಸ್ಪತ್ರೆಗಳು ಡಿಜಿಟಲ್ ಆದಾಗ ಗುಜರಿಗೆ ಹೋದ 14×17ರ ಸ್ಟೀಲ್ ಹ್ಯಾಂಗರ್ ನನ್ನ ಹತ್ತಿರ ಎರಡು ಜಾಸ್ತಿ ಇವೆ. ಧಾರವಾಡಕ್ಕೆ ಬಂದಾಗ ಒಯ್ಯಿರಿ. ಆ ಪದರ ಎದ್ದ ನೆಗೆಟಿವ್ ಎಸೆದಿಲ್ಲ ತಾನೇ? ಅದನ್ನೂ ತನ್ನಿ, ಎದ್ದ ಮೂಲೆ ಕತ್ತರಿಸಿ ಬಿಸಿಲಲ್ಲಿ ಒಂದು ಸಯನೊಟೈಪ್ (ನೀಲಿ ಪ್ರಿಂಟ್) ಹಾಕಿ ನೋಡೋಣ.