ಮ್ಯಾಂಡೊಲಿನ್ ತಂತಿ: ಲೋಹ ನೋಡಬೇಕೋ, ದಪ್ಪ ನೋಡಬೇಕೋ?

ಪ್ರಶ್ನೆ: ಭಜನಾ ಮೇಳದಾಗ ಮ್ಯಾಂಡೊಲಿನ್ ನುಡಿಸ್ತೀನ್ರಿ. ಹಾಡೋರ ಶ್ರುತಿ ಕಾಳಿ ಒಂದು, ಅಂದ್ರ ಪೇಟಿಯ ಮೊದಲನೇ ಕರಿ ಮನಿ. ಸಣ್ಣ ತಂತಿ ಕಿವಿಗೆ ಚುಚ್ಚತಾವ, ದಪ್ಪನವು ಜಿರ್ ಅಂತಾವ. ಅಂಗಡ್ಯಾಗ ಕೇಳಿದ್ರ ಫಾಸ್ಫರ್ ಬ್ರಾಂಜ್ ಹಾಕ್ರಿ, ಎಲ್ಲಾ ಸರಿ ಆಗತೈತಿ ಅಂದ್ರು. ಖರೇನ್ರಿ?
– ಓದುಗರೊಬ್ಬರು, ಜಮಖಂಡಿ

ಉತ್ತರ: ಅರ್ಧ ಖರೆ. ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ: ದಪ್ಪದಿಂದ ಸಣ್ಣಕ್ಕೆ ಜಿ, ಡಿ, ಎ, ಇ. ಅವುಗಳಲ್ಲಿ ಬ್ರಾಂಜ್ ಸುತ್ತಿರುವುದು ಜಿ, ಡಿ ಜೋಡಿಗಳಿಗೆ ಮಾತ್ರ. ಎ, ಇ ಸಾಮಾನ್ಯವಾಗಿ ಬರೀ ಉಕ್ಕು, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಚುಚ್ಚುವುದು ಅವೇ. ಅಲ್ಲಿ ಬದಲಿಸಬೇಕಾದದ್ದು ದಪ್ಪ.

ನಿಮ್ಮಲ್ಲಿರುವುದು ಬಹುಶಃ ಲೈಟ್ ಸೆಟ್, ಅಂದರೆ ತೆಳು ತಂತಿಗಳದು. ಅದರ ಇ ತಂತಿ 0.010 ಇಂಚು. ಕಾಳಿ ಒಂದಕ್ಕೆ ಡಿ ಜೋಡಿಯನ್ನು ಷಡ್ಜ ಮಾಡಿಕೊಂಡು ಎಲ್ಲವನ್ನೂ ಅರ್ಧ ಸ್ವರ ಇಳಿಸಿದ್ದರೆ, ಅಷ್ಟರಲ್ಲೇ ಎಳೆತ ಶೇ. 11ರಷ್ಟು ಕಡಿಮೆಯಾಗುತ್ತದೆ. ಸಡಿಲ ತಂತಿ ಫ್ರೆಟ್ಟಿಗೆ (ಬೆರಳು ಹಲಗೆಯ ಲೋಹದ ಅಡ್ಡಪಟ್ಟಿಗೆ) ಬಡಿಯುತ್ತದೆ, ಜಿರ್ ಎನ್ನುವುದು ಅದೇ. ಮೀಡಿಯಂ ಸೆಟ್ ಹಾಕಿ: ಇ, ಎ, ಡಿ, ಜಿ ಕ್ರಮದಲ್ಲಿ 0.011, 0.015, 0.026, 0.040 ಇಂಚು. ಇ ತಂತಿ 0.010ರಿಂದ 0.011ಕ್ಕೆ ಹೋದರೆ ಅದೇ ಸ್ವರದಲ್ಲಿ ಎಳೆತ ಶೇ. 21 ಏರಬೇಕು. ನೀವು ಶ್ರುತಿ ಇಳಿಸಿರುವುದರಿಂದ, ಇಳಿಸುವ ಮೊದಲಿದ್ದ ಎಳೆತಕ್ಕಿಂತ ಒಟ್ಟು ಏರಿಕೆ ಶೇ. 8ರಷ್ಟೇ. ಗಟ್ಟಿ ವಾದ್ಯ ಇದನ್ನು ತಡೆಯುತ್ತದೆ. ಬೋಗುಣಿ ಬೆನ್ನಿನ ಹಳೆಯ ವಾದ್ಯವಾದರೆ ಬೇಡವೇ ಬೇಡ, ಮೇಲಿನ ಹಲಗೆ ಕುಸಿದೀತು.

ಜಿ, ಡಿಗೆ ಫಾಸ್ಫರ್ ಬ್ರಾಂಜ್ (ಮುಖ್ಯವಾಗಿ ತಾಮ್ರ–ತವರ) ಒಳ್ಳೆಯದೇ, ನಾದ ಬೆಚ್ಚಗಿರುತ್ತದೆ. 80/20 ಎಂದು ಬರೆದದ್ದು ತಾಮ್ರ–ಸತುವಿನದು. ಮೊದಲು ಝಗ್ಗೆನ್ನುತ್ತದೆ, ಬೇಗ ಮಂಕಾಗುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಹೆಚ್ಚು ಎಳೆಯುವವರಿಗೆ ನಮ್ಮ ಸಲಹೆ ಫ್ಲಾಟ್‌ವೌಂಡ್: ಪಟ್ಟಿ ಸುತ್ತಿದ ನುಣುಪು ತಂತಿ, ಬೆರಳು ಜಾರಿದಾಗ ಕಿರ್ ಎನ್ನುವುದಿಲ್ಲ. ಬೆಲೆ ಮಾತ್ರ ಜಾಸ್ತಿ.

ದುಡ್ಡು ಹಾಕುವ ಮೊದಲು ತಂತಿ ಮೀಟುವ ಪಿಕ್ ಬದಲಿಸಿ ನೋಡಿ. ತೆಳು, ಚೂಪು ತುದಿಯದನ್ನು ಬಿಟ್ಟು 1.4 ಮಿ.ಮೀ. ದಪ್ಪದ, ದುಂಡು ಅಂಚಿನದನ್ನು ಹಿಡಿದು, ತಂತಿ ಹೊರುವ ಬ್ರಿಜ್‌ನಿಂದ ಎರಡು ಬೆರಳು ದೂರ ಸರಿದು ಮೀಟಿ. ಅರ್ಧ ಚುಚ್ಚುವಿಕೆ ಅಲ್ಲೇ ಹೋಗುತ್ತದೆ.

ಕೊಳ್ಳುವಾಗ ತಂತಿಯ ಬುಡ ಸಿಕ್ಕಿಸುವ ಬಾಲದ ತಗಡು ನೋಡಿ. ಕೊಕ್ಕೆಗಳಿದ್ದರೆ ಕುಣಿಕೆ ತುದಿಯ ತಂತಿ ಬೇಕು. ಎಂಟನ್ನೂ ಒಮ್ಮೆಲೇ ಬಿಚ್ಚಬೇಡಿ. ಬ್ರಿಜ್ ಅಂಟಿಸಿದ್ದಲ್ಲ, ಎಳೆತದಿಂದಷ್ಟೇ ನಿಂತಿರುತ್ತದೆ. ಒಂದೊಂದೇ ಜೋಡಿ ಬದಲಿಸಿ. ಶ್ರುತಿ ಮಾಡುವ ಕಿವಿ ತಿರುಗಿಸುವಾಗ ಟಿಕ್ ಎಂದು ಶ್ರುತಿ ಹಾರಿದರೆ ಮೇಲ್ತುದಿಯ ಪಟ್ಟಿಯ ಕಚ್ಚಿನಲ್ಲಿ ದಪ್ಪ ತಂತಿ ಸಿಕ್ಕಿದೆ ಎಂದರ್ಥ. ಅಲ್ಲಿ ಪೆನ್ಸಿಲ್ ಸೀಸ ಉಜ್ಜಿ. ಹೋಗದಿದ್ದರೆ ಕಚ್ಚನ್ನು ಅರದಿಂದ ತಿದ್ದಬೇಕು. ನಿಮಗೆ ಮೀರಜ್ ದೂರವಲ್ಲ, ಅಲ್ಲಿಯ ಸಿತಾರ್ ಕುಶಲಕರ್ಮಿಗಳ ಕೈಗೆ ಕೊಡಿ.

ಕೊನೆಗೆ 12ನೇ ಫ್ರೆಟ್ ಮೇಲೆ ಬೆರಳು ಬರೀ ತಾಗಿಸಿ ಒಮ್ಮೆ, ಒತ್ತಿ ಒಮ್ಮೆ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ಜನ್ನು ಬಾಲದ ಕಡೆ ಕೂದಲೆಳೆಯಷ್ಟು ಸರಿಸಿ.