ಒಂಬತ್ತು ಬೇಡಿಕೆಯ ಮನವಿ ಕೊಡಬೇಡಿ, ಒಂದೊಂದೇ ಫೈಲು ಕೇಳಿ

ಮುಂಬಯಿಯ ವಡಾಲಾದಲ್ಲಿ ಹಳೇ ಪಗಡಿ ಬಿಲ್ಡಿಂಗು (ಮುಂಗಡ ಕೊಟ್ಟು ಕಡಿಮೆ ಬಾಡಿಗೆಗೆ ತಲೆಮಾರುಗಳಿಂದ ಇರುವಂಥದ್ದು), ಬಿರುಕು ಬಿಟ್ಟ ಮೆಟ್ಟಿಲು, ಮದ್ದು ಸಿಗದ ಪಾಲಿಕೆ ದವಾಖಾನೆ, ಮಕ್ಕಳು ಆಡುತ್ತಿದ್ದ ಮೈದಾನದ ಸುತ್ತ ದಿಢೀರನೆ ಎದ್ದ ತಗಡಿನ ಬೇಲಿ. ಎಲ್ಲ ಸೇರಿಸಿ ಒಂಬತ್ತು ಬೇಡಿಕೆಯ ಮನವಿ ಬರೆದು, ಇಡೀ ಗಲ್ಲಿಯ ಸಹಿ ಹಾಕಿಸಿ ಕಮಿಷನರಿಗೆ ಕೊಡುವುದೋ, ನಗರಸೇವಕರ, ಅಂದರೆ ಕಾರ್ಪೊರೇಟರ ಕೈಗೆ ಕೊಡುವುದೋ ಅಂತ ಕೇಳಿದ್ದೀರಿ. ನಮ್ಮ ಚಾಳಿನವರೂ ಇದೇ ಮನವಿ ಬರೆದಿದ್ದರು, ಇದೇ ಚರ್ಚೆ ಮಾಡಿದ್ದರು. ಅದಕ್ಕೇ ಹೇಳುತ್ತೇನೆ, ಯಾರ ಕೈಗೆ ಎನ್ನುವುದು ಆಮೇಲಿನ ಮಾತು. ಆ ಮನವಿಯನ್ನೇ ಕೊಡಬೇಡಿ.

ಅಂಥ ಕಾಗದದ ಹಣೆಬರಹ ನೋಡಿ. ಇನ್‌ವರ್ಡ್ ಕೌಂಟರಿನಲ್ಲಿ ಗೋಲ ಮುದ್ರೆ ಬೀಳುತ್ತದೆ, ನಂಬರು ಬೀಳುತ್ತದೆ, ನಿಮ್ಮ ಪ್ರತಿಯ ಮೇಲೂ ಮುದ್ರೆ ಹಾಕಿ ಕೊಡುತ್ತಾರೆ. ಅಲ್ಲಿಗೆ ಎಲ್ಲರಿಗೂ ಸಮಾಧಾನ. ಕಾಗದ ಸಾಹೇಬರ ಮೇಜಿಗೆ ಹೋಗುತ್ತದೆ, ಅವರು ಅಂಚಿನಲ್ಲಿ ಒಂದು ಇಲಾಖೆಯ ಹೆಸರು ಗೀಚಿ ಕೆಳಗೆ ಕಳಿಸುತ್ತಾರೆ. ಕಾಗದ ಒಂದೇ ಆದ್ದರಿಂದ ಇಲಾಖೆಯೂ ಒಂದೇ, ಹೆಚ್ಚಾಗಿ ಮೇಂಟೆನೆನ್ಸ್. ಅಲ್ಲಿನ ಜೂನಿಯರ್ ಇಂಜಿನಿಯರ್ ಒಂಬತ್ತರಲ್ಲಿ ತನಗೆ ಸೇರಿದ್ದು ಯಾವುದು ಅಂತ ಹುಡುಕುತ್ತಾರೆ. ಏಳನೆಯದು, ಒಡೆದ ಗಟಾರದ ಮುಚ್ಚಳ. ಅದನ್ನು ಬದಲಿಸಿ, ಕ್ರಮ ಕೈಗೊಳ್ಳಲಾಗಿದೆ ಅಂತ ಬರೆದು ಕಾಗದ ಮುಚ್ಚುತ್ತಾರೆ. ಅವರು ಬರೆದದ್ದು ಸುಳ್ಳಲ್ಲ. ಉಳಿದ ಎಂಟು ಬೇಡಿಕೆಗಳು ಮಾತ್ರ ಮುಚ್ಚಿದ ಕಾಗದದ ಒಳಗೆ ಉಳಿಯುತ್ತವೆ. ಮುಂದಿನ ಸಲ ಹೋದರೆ, ನಿಮ್ಮ ಅರ್ಜಿ ಇತ್ಯರ್ಥವಾಗಿದೆಯಲ್ಲ ಅನ್ನುತ್ತಾರೆ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ. ಬಿಲ್ಡಿಂಗಿನವರಿಗೆ ಅದೇ ದೊಡ್ಡ ನಷ್ಟ.

ಈ ತಪ್ಪಿಗೆ ಇನ್ನೊಂದು ಮುಖ ಇದೆ. ಮನವಿಯ ತುಂಬ ‘ಯಾಕೆ’ ಇರುತ್ತದೆ. ರಿಪೇರಿ ಯಾಕೆ ಆಗಿಲ್ಲ, ಡಾಕ್ಟರು ಯಾಕೆ ಇಲ್ಲ. ‘ಯಾಕೆ’ಗೆ ಉತ್ತರ ಕೊಡಲೇಬೇಕು ಅಂತ ಯಾರ ಮೇಲೂ ಒತ್ತಡ ಇಲ್ಲ. ಮಾಹಿತಿ ಹಕ್ಕು ಕಾಯ್ದೆಯಲ್ಲೂ ಸಿಗುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆ ಮಾತ್ರ, ಅಧಿಕಾರಿಯ ವಿವರಣೆ ಅಲ್ಲ. ಮೇಲಾಗಿ ಮಹಾರಾಷ್ಟ್ರದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದ ಮಿತಿ. ಆದ್ದರಿಂದ ಆ ಕಾಯ್ದೆಯಡಿ ಅರ್ಜಿ ಹಾಕಿ, ಪ್ರಶ್ನೆ ಕೇಳುವುದನ್ನು ಬಿಟ್ಟು ಕಾಗದ ಕೇಳಿ. ಮರಾಠಿಯಲ್ಲಿ ಬರೆಯಿರಿ. ಇಂಗ್ಲಿಷ್, ಹಿಂದಿಯೂ ನಡೆಯುತ್ತದೆ, ಆದರೆ ಮರಾಠಿ ಅರ್ಜಿ ಕೆಳಗಿನ ಮೇಜಿನ ತನಕ ಸರಾಗವಾಗಿ ಇಳಿಯುತ್ತದೆ. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅದರ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಅದಕ್ಕೆ 20 ರೂಪಾಯಿ. ಆ ಗಡುವು ಮೀರಬೇಡಿ, ಬಹಳ ಜನ ಸೋಲುವುದು ಅಲ್ಲೇ.

ಈಗ ಬಿಲ್ಡಿಂಗಿನ ವಿಷಯ. ನೀವು ವಾರ್ಡ್ ಆಫೀಸನ್ನು ಬಯ್ಯುತ್ತಿದ್ದೀರಿ, ಆದರೆ ರಿಪೇರಿಯ ಹೊಣೆ ಅವರದು ಅಲ್ಲದೆಯೂ ಇರಬಹುದು. ಮೊದಲು ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲು ತರಿಸಿ ನೋಡಿ. ಅದರಲ್ಲಿ ರಿಪೇರಿ ಸೆಸ್, ಅಂದರೆ ಹಳೇ ಕಟ್ಟಡಗಳ ದುರಸ್ತಿಗೆಂದು ಹಾಕುವ ತೆರಿಗೆ ಇದೆಯೇ? ಇದ್ದರೆ ನಿಮ್ಮದು ಸೆಸ್ ಬಿಲ್ಡಿಂಗು, ದುರಸ್ತಿಗೆ ತಟ್ಟಬೇಕಾದ ಬಾಗಿಲು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ರಿಪೇರಿ ಬೋರ್ಡು. 1940ರ ಸೆಪ್ಟೆಂಬರ್ 1ಕ್ಕಿಂತ ಮುಂಚಿನದು ಎ ವರ್ಗ, ಅಲ್ಲಿಂದ 1950ರ ಕೊನೆಯವರೆಗೆ ಬಿ, 1951ರಿಂದ 1969ರ ಸೆಪ್ಟೆಂಬರ್ 30ರವರೆಗೆ ಸಿ. ಸೆಸ್ ಇರುವುದು ದ್ವೀಪ ನಗರದಲ್ಲಿ ಮಾತ್ರ, ಅಂದರೆ ನಿಮ್ಮ ಸಯನ್, ಮಾಹಿಮಿನ ಈಚೆಗೆ. ಉಪನಗರದ ಘಾಟ್ಕೋಪರಿನಲ್ಲಿರುವ ನಿಮ್ಮ ನೆಂಟರ ಸಲಹೆ ನಿಮಗೆ ಕೂಡಿಬರದೇ ಇರಲು ಅದೂ ಒಂದು ಕಾರಣ. ಸೆಸ್ ಇಲ್ಲದಿದ್ದರೆ ಆಗ ಪಾಲಿಕೆಯ ಬಾಗಿಲು. 30 ವರ್ಷ ದಾಟಿದ ಕಟ್ಟಡಕ್ಕೆ ಪಾಲಿಕೆ ಕಾಯ್ದೆಯ 353ಬಿ ಕಲಮಿನಡಿ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡದ ಗಟ್ಟಿತನದ ತಪಾಸಣೆ ಮಾಡಿಸಬೇಕಾಗುತ್ತದೆ. ಬೀಳುವ ಸ್ಥಿತಿಯಲ್ಲಿದ್ದರೆ 354ರ ನೋಟೀಸು ಬರುತ್ತದೆ.

ಆಡಿಟ್ ವರದಿಯ ಮೊದಲ ಪುಟದ ಶಿಫಾರಸು ಓದಿ ಹೆದರಬೇಡಿ, ಹಿಂದಿನ ಪುಟಗಳಿಗೆ ಹೋಗಿ. ವರದಿ ಕಟ್ಟಡದ ಸ್ಥಿತಿಗೆ ಒಂದು ದರ್ಜೆ ಕೊಡುತ್ತದೆ, ಅದು ಸೆಸ್ಸಿನ ವರ್ಗ ಅಲ್ಲ. ಸಿ1 ಅಂದರೆ ಖಾಲಿ ಮಾಡಿ ಕೆಡವಬೇಕು. ಸಿ2ಎ ಅಂದರೆ ಖಾಲಿ ಮಾಡಿಸಿ ದೊಡ್ಡ ರಿಪೇರಿ, ಬೇಕಾದರೆ ಕೆಲವು ಭಾಗ ಕೆಡವುವುದು. ಸಿ2ಬಿ ಅಂದರೆ ಜನ ಇದ್ದಂತೆಯೇ ರಿಪೇರಿ. ಸಿ3 ಅಂದರೆ ಸಣ್ಣ ಕೆಲಸ. ಸಿ1ಕ್ಕೂ ಸಿ2ಬಿಗೂ ನಡುವೆ ನಿಮ್ಮ ಇಡೀ ಬದುಕಿದೆ. ಹಾಗಾಗಿ ಆ ನಿರ್ಧಾರದ ಹಿಂದೆ ಏನಿದೆ ಅಂತ ನೋಡಬೇಕು. ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್, ಹಾಫ್ ಸೆಲ್, ಕಾರ್ಬೊನೇಶನ್, ಕೋರ್ ಟೆಸ್ಟ್, ಕಾಂಕ್ರೀಟು, ಕಬ್ಬಿಣದ ಸ್ಥಿತಿ ಅಳೆಯುವ ಈ ಪರೀಕ್ಷೆಗಳ ಅಂಕಿ ಇದೆಯೇ? ಯಾವ ಮಹಡಿಯ ಯಾವ ಕಂಬದಿಂದ ತೆಗೆದದ್ದು ಅಂತ ನಕ್ಷೆ ಇದೆಯೇ? ನಾಲ್ಕು ಫೋಟೋ, ಒಂದು ಸಹಿ ಇಟ್ಟುಕೊಂಡು ಸಿ1 ಅಂದಿದ್ದರೆ ಬಾಡಿಗೆದಾರರೆಲ್ಲ ಸೇರಿ ನೋಂದಾಯಿತ ಸ್ಟ್ರಕ್ಚರಲ್ ಇಂಜಿನಿಯರಿಂದ ಬೇರೆ ಆಡಿಟ್ ಮಾಡಿಸಿ. ಎರಡು ವರದಿ ಹೊಂದಿಕೆಯಾಗದಿದ್ದರೆ ಅದು ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿಗೆ ಹೋಗಬೇಕು. ಹೋಗಲಿ ಅಂತ ನೀವು ಬರವಣಿಗೆಯಲ್ಲಿ ಕೇಳಿ. ವರದಿ ನಿಜವಾಗಿಯೂ ಕೆಟ್ಟದಾಗಿದ್ದರೆ ಮಾತ್ರ ಹಟ ಹಿಡಿಯಬೇಡಿ, ಜೀವ ಮೊದಲು. ಆದರೆ ಬಾಗಿಲಿಗೆ ಬೀಗ ಹಾಕುವ ಮುನ್ನ ಪ್ರತಿ ರೂಮಿನ ಬಾಡಿಗೆದಾರನ ಹೆಸರು, ಕಾರ್ಪೆಟ್ ಏರಿಯಾ ಪಾಲಿಕೆಯ ದಾಖಲೆಗೆ ಹೋಗಿದೆಯೇ ಅಂತ ಅದರ ನಕಲು ಕೈಯಲ್ಲಿ ಹಿಡಿದು ನೋಡಿ. ಪಾಲಿಕೆ ಕಟ್ಟಡ ಕೆಡವಿದ ಮಾತ್ರಕ್ಕೆ ಬಾಡಿಗೆ ಹಕ್ಕು ಸಾಯುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಆ ಹಕ್ಕನ್ನು ಸಾಬೀತು ಮಾಡಲು ಬೇಕಾಗುವುದು ಆ ಒಂದು ಹಾಳೆ. ಅಜ್ಜನ ಹೆಸರಿನಲ್ಲೇ ಇರುವ ಬಾಡಿಗೆ ರಸೀದಿಯನ್ನು ಈಗಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಊರಿನ ಮನೆ ಪೆಟ್ಟಿಗೆಯಲ್ಲಿ ಬಿದ್ದಿರುವ ಹಳೇ ರಸೀದಿಗಳನ್ನೂ ತರಿಸಿ.

ಮೈದಾನದ ವಿಷಯಕ್ಕೂ ವಾರ್ಡ್ ಆಫೀಸಿನಲ್ಲಿ ನೇರ ಉತ್ತರ ಇಲ್ಲ. ಜಾಗದ ಹೆಸರು ಬರೆದರೆ ಏನೂ ಸಿಗದು, ಸಿ.ಎಸ್. ನಂಬರು (ಜಾಗದ ಸರ್ವೆ ನಂಬರು) ಮತ್ತು ಡಿವಿಜನ್ ಬರೆಯಬೇಕು. ಉಪನಗರದಲ್ಲಾದರೆ ಸಿ.ಟಿ.ಎಸ್. ನಂಬರು. ಆ ನಂಬರಿಗೆ ಡಿಪಿ 2034ರ, ಅಂದರೆ ನಗರದ ಅಭಿವೃದ್ಧಿ ಯೋಜನೆಯ ರಿಮಾರ್ಕ್ ತೆಗೆಸಿ, ಮೈದಾನಕ್ಕೆ ಅಂತ ಜಾಗದ ರಿಸರ್ವೇಶನ್ ಇದೆಯೇ ಇಲ್ಲವೇ ಅದರಲ್ಲಿ ಸ್ಪಷ್ಟವಾಗಿರುತ್ತದೆ. ಆಮೇಲೆ ಬಿಲ್ಡಿಂಗ್ ಪ್ರಪೋಸಲ್ ಇಲಾಖೆಗೆ ಅರ್ಜಿ: ಈ ನಂಬರಿಗೆ ಐಓಡಿ, ಕಮೆನ್ಸ್‌ಮೆಂಟ್ ಸರ್ಟಿಫಿಕೇಟ್ (ಎರಡೂ ಕಟ್ಟಡ ಕಟ್ಟಲು ಬೇಕಾದ ಪಾಲಿಕೆಯ ಅನುಮತಿ ಪತ್ರ) ಕೊಟ್ಟಿದ್ದರೆ ಪ್ರತಿ ಕೊಡಿ. ಕೊಟ್ಟಿಲ್ಲ ಅಂತ ಉತ್ತರ ಬಂದು, ಒಳಗೆ ಕೆಲಸ ನಡೆಯುತ್ತಿದ್ದರೆ ಆಗ ಮತ್ತೆ ವಾರ್ಡಿಗೆ ಬನ್ನಿ, ಪಾಲಿಕೆ ಕಾಯ್ದೆಯ 354ಎ ಅಡಿ ಕೆಲಸ ನಿಲ್ಲಿಸಿ ಅಂತ ಕೇಳಿ. ರಿಸರ್ವೇಶನ್ ಬದಲಿಸುವ ಪ್ರಸ್ತಾವ ಆಗಿದ್ದರೆ ರಾಜ್ಯದ ನಗರ ಯೋಜನೆ ಕಾಯ್ದೆಯಾದ ಎಂಆರ್‌ಟಿಪಿಯ 37ನೇ ಕಲಮಿನ ಪ್ರಕಾರ ನೋಟೀಸು ಕೊಟ್ಟು ಆಕ್ಷೇಪಣೆ ಕೇಳಬೇಕು. ಅದಕ್ಕೆ ಸಿಗುವುದು ಒಂದು ತಿಂಗಳು. ಇದೇ ಡಿಪಿಯ 2015ರ ಕರಡಿಗೆ ಮುಂಬಯಿಯ ಜನ ಸಾವಿರಾರು ಆಕ್ಷೇಪಣೆ ಸಲ್ಲಿಸಿದರು, ಆ ಏಪ್ರಿಲ್‌ನಲ್ಲಿ ಸರ್ಕಾರ ಅದನ್ನು ಹಿಂತೆಗೆದು ತಿದ್ದಲು ಹೇಳಿತು. ಊರ ಜನರ ಆಕ್ಷೇಪಣೆಗೆ ಬೆಲೆ ಇಲ್ಲ ಅನ್ನುವವರಿಗೆ ಅದನ್ನು ನೆನಪಿಸಿ.

ದವಾಖಾನೆಯದು ಎಲ್ಲಕ್ಕಿಂತ ಸುಲಭ. ವಾರ್ಡಿನ ಆರೋಗ್ಯಾಧಿಕಾರಿಗೆ ಎರಡು ಪ್ರತ್ಯೇಕ ಅರ್ಜಿ. ಒಂದರಲ್ಲಿ ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಮತ್ತು ಹಿಂದಿನ ಮೂರು ತಿಂಗಳ ಹಾಜರಿ ಪುಸ್ತಕದ ಪ್ರತಿ ಕೇಳಿ. ಇನ್ನೊಂದರಲ್ಲಿ ಬಿಪಿ, ಶುಗರ್ ಗುಳಿಗೆಗಳ ದಾಸ್ತಾನು ಪುಸ್ತಕ ಮತ್ತು ಬೇಡಿಕೆ ಚೀಟಿ. ಬೇಡಿಕೆ ಚೀಟಿಯನ್ನೇ ಕಳಿಸಿರದಿದ್ದರೆ ತಪ್ಪು ದವಾಖಾನೆಯದು, ಕಳಿಸಿಯೂ ಬಂದಿಲ್ಲವಾದರೆ ಮೇಲಿನವರದು. ಸಯನ್ ಆಸ್ಪತ್ರೆಯ ದೂರನ್ನು ಇದರಲ್ಲಿ ಸೇರಿಸಬೇಡಿ, ಅದು ಡೀನ್ ಆಫೀಸಿನ ಲೆಕ್ಕ. ಟ್ರಸ್ಟ್ ಆಸ್ಪತ್ರೆಯಲ್ಲಿ ಬಡವರ ಬೆಡ್ ಕೊಡದಿದ್ದರೆ ಅದು ಪಾಲಿಕೆಗೇ ಸೇರಿದ್ದಲ್ಲ, ಚ್ಯಾರಿಟಿ ಕಮಿಷನರಿಗೆ ಹೋಗಬೇಕು. ಅಲ್ಲಿ 10 ಶೇಕಡ ಬೆಡ್ ಉಚಿತ, ಇನ್ನು 10 ಶೇಕಡ ರಿಯಾಯಿತಿ ದರದ್ದು.

ಅರ್ಜಿಗೂ ಮುಂಚೆ ಮಾಡಬಹುದಾದ ಕೆಲಸ ಒಂದಿದೆ. ರಾಜ್ಯ ಸರ್ಕಾರದ 2018ರ ನವೆಂಬರ್ ಆದೇಶದ ಪ್ರಕಾರ ಪ್ರತಿ ಸೋಮವಾರ ಮಧ್ಯಾಹ್ನ 3ರಿಂದ 5ರವರೆಗೆ ಪಾಲಿಕೆಯಂಥ ಕಚೇರಿಗಳಲ್ಲಿ ಜನರು ದಾಖಲೆ ನೋಡಬಹುದು. ಕೌಂಟರಿನವರಿಗೆ ಗೊತ್ತಿರದಿದ್ದರೆ ತೋರಿಸಲು ಆದೇಶದ ಪ್ರತಿ ಜೇಬಿನಲ್ಲಿರಲಿ. ಫೈಲು ಕೈಗೆ ಬಂದರೆ ದೊಡ್ಡ ದೊಡ್ಡ ಪತ್ರಗಳನ್ನು ಓದುತ್ತ ಕೂರಬೇಡಿ, ಟಿಪ್ಪಣಿಯ ಹಾಳೆಗಳನ್ನು ಹುಡುಕಿ. ಯಾವ ತಾರೀಖಿಗೆ ಯಾರ ಮೇಜಿಗೆ ಹೋಯಿತು, ಯಾರು ಏನು ಬರೆದರು, ಕೊನೆಯ ಸಹಿ ಯಾರದು. ನಿಮ್ಮ ‘ಯಾಕೆ’ಗೆ ಉತ್ತರ ಅಲ್ಲೇ, ಎರಡು ಸಹಿಗಳ ನಡುವಿನ ಖಾಲಿ ತಿಂಗಳುಗಳಲ್ಲಿ ಇರುತ್ತದೆ. ಪುಟದ ನಂಬರು ಬರೆದುಕೊಂಡು ಆ ಪುಟಗಳ ಪ್ರತಿಯನ್ನಷ್ಟೇ ಕೇಳಿ.

ನಗರಸೇವಕರು ಬೇಡ ಅಂತ ನಾನು ಹೇಳುತ್ತಿಲ್ಲ ಮಾರಾಯ್ರೆ. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಚುನಾಯಿತ ಸದನದ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಪಾಲಿಕೆ ನಡೆಸಿದಾಗ ಅವರಿಲ್ಲದ ಕಷ್ಟ ಎಲ್ಲರಿಗೂ ಗೊತ್ತಾಯಿತು. ಆದರೆ ಅವರ ಬಳಿ ಬರಿಗೈಯಲ್ಲಿ, ನಮ್ಮ ಕಡೆಯವರು ಅನ್ನುವ ಪರಿಚಯದ ಮೇಲೆ ಹೋಗಬೇಡಿ. ಪರಿಚಯಕ್ಕೆ ಒಂದು ಫೋನು ಸಿಗುತ್ತದೆ, ಅಷ್ಟೇ. ಟಿಪ್ಪಣಿಯ ಪ್ರತಿ, ಹಾಜರಿ ಪುಸ್ತಕದ ಪ್ರತಿ ಕೊಟ್ಟು, ಈ ಒಂದು ಪ್ರಶ್ನೆಯನ್ನು ಲಿಖಿತವಾಗಿ ಸದನದಲ್ಲಿ ಕೇಳಿ ಅನ್ನಿ.

ಸಹಿ ಸಂಗ್ರಹಕ್ಕೆ ಹೊರಟ ಹುಡುಗರನ್ನು ಈ ವಾರ ಮೂರು ತಂಡ ಮಾಡಿ: ಒಂದು ಟ್ಯಾಕ್ಸ್ ಬಿಲ್ಲಿಗೆ, ಒಂದು ಡಿಪಿ ರಿಮಾರ್ಕಿಗೆ, ಒಂದು ದವಾಖಾನೆಗೆ. ಮಳೆಗಾಲಕ್ಕೆ ಮುಂಚೆ ಮ್ಹಾಡಾ ಅತಿ ಅಪಾಯಕಾರಿ ಸೆಸ್ ಬಿಲ್ಡಿಂಗುಗಳ ಪಟ್ಟಿ ಹಾಕುತ್ತದೆ, ಪಾಲಿಕೆ ಸಿ1 ಪಟ್ಟಿ ಹಾಕುತ್ತದೆ. ಎರಡರಲ್ಲೂ ನಿಮ್ಮ ಬಿಲ್ಡಿಂಗಿನ ಹೆಸರು ಹುಡುಕಿ, ಹಳೇ ಹೆಸರಿನಲ್ಲೂ ಹುಡುಕಿ.